ಬೆಳಕಿನ ಊರಿನಲ್ಲಿ ಹಾಡಿನ ಜಗಳ

ಆಮ್‌ಸ್ಟರ್‌ಡಾಮಿನಿಂದ ದಕ್ಷಿಣಕ್ಕೆ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ ಕುಳಿತರೆ ಐಂಡ್‌ಹೋವನ್ ಬರುತ್ತದೆ. ಹಾಲೆಂಡ್ ಎಂದೊಡನೆ ನೆನಪಾಗುವ ಗಾಳಿಯಂತ್ರ, ಕಾಲುವೆ, ಟ್ಯೂಲಿಪ್ ತೋಟಗಳು ಇಲ್ಲಿ ಎದ್ದು ಕಾಣುವುದಿಲ್ಲ. ಪ್ರವಾಸಿಗರ ದಂಡೂ ಇತ್ತ ಬರುವುದು ಕಡಿಮೆ. ಇದು ಕಾರ್ಖಾನೆಯ ಊರು. 1956ರಲ್ಲಿ ಕಟ್ಟಿದ ರೈಲು ನಿಲ್ದಾಣವನ್ನು ಹೊರಗೆ ನಿಂತು ನೋಡಿದರೆ ಹಳೆಯ ಕಾಲದ ರೇಡಿಯೋ ಒಂದನ್ನು ತಂದಿಟ್ಟಂತಿದೆ. ಫಿಲಿಪ್ಸ್ ರೇಡಿಯೋ ನೋಡಿಯೇ ಅದನ್ನು ಕಟ್ಟಿದರೆಂದು ಊರಿನವರು ಹೇಳುತ್ತಾರೆ. ನಿಜವೋ ಕಟ್ಟುಕತೆಯೋ, ನಿಲ್ದಾಣದ ಮುಂದೆ ಆಂಟನ್ ಫಿಲಿಪ್ಸರ ಪ್ರತಿಮೆ ನಿಂತಿರುವುದಂತೂ ನಿಜ.

ಈ ಆಂಟನ್, ಅವರ ಅಣ್ಣ ಗೆರಾರ್ಡ್ ಮತ್ತು ತಂದೆ ಫ್ರೆಡರಿಕ್ ಸೇರಿ ಬೆಳೆಸಿದ ಕಂಪನಿಯೇ ಊರನ್ನೂ ಬೆಳೆಸಿತು. 1891ರಲ್ಲಿ ಎಮ್ಮಾಸಿಂಗೆಲ್ ಎಂಬ ಬೀದಿಯ ಸಣ್ಣ ಕಟ್ಟಡದಲ್ಲಿ ವಿದ್ಯುತ್ ಬಲ್ಬು ತಯಾರಿಸಲು ಶುರುಮಾಡಿದರು. ಡಚ್ಚರು ಇಂದಿಗೂ ಐಂಡ್‌ಹೋವನ್ನನ್ನು ಬೆಳಕಿನ ಊರು ಎನ್ನುತ್ತಾರೆ. ಆ ಕಟ್ಟಡದ ಜಾಗದಲ್ಲಿ ಈಗ ಫಿಲಿಪ್ಸ್ ವಸ್ತುಸಂಗ್ರಹಾಲಯವಿದೆ. 2013ರಲ್ಲಿ ರಾಣಿ ಬಿಯಾಟ್ರಿಕ್ಸ್ ಅದನ್ನು ಉದ್ಘಾಟಿಸಿದರು. ಹತ್ತಿರದಲ್ಲೇ ಬಲ್ಬು ಪರೀಕ್ಷಿಸುತ್ತಿದ್ದ ದೀಪದ ಗೋಪುರ, ಅದರಾಚೆ ‘ಬಿಳಿ ಹೆಂಗಸು’ ಎಂದು ಕರೆಯುವ ಹಳೆಯ ಬಲ್ಬ್ ಕಾರ್ಖಾನೆ. ಸಾಲಾಗಿ ಬಲ್ಬು ಮಾಡುತ್ತಿದ್ದ ಅದರ ಅಂತಸ್ತುಗಳಲ್ಲಿ ಇಂದು ವಿನ್ಯಾಸ ಕಲಿಸುವ ಅಕಾಡೆಮಿ ನಡೆಯುತ್ತಿದೆ.

ಬಲ್ಬನ್ನು ನೋಡಲು ಯಾರೂ ಇಷ್ಟು ದೂರ ಬರಬೇಕಿಲ್ಲ. ಇಲ್ಲಿ ನೋಡಬೇಕಾದ್ದು ಗಾಜಿನ ಪೆಟ್ಟಿಗೆಯೊಳಗಿನ ಎರಡು ವಸ್ತು. ಒಂದು ಕ್ಯಾಸೆಟ್ಟು, ಇನ್ನೊಂದು ಸಿ.ಡಿ. ಮನೆಯಲ್ಲಿ ಕುಳಿತು ಹಾಡು ಕೇಳುವವನಿಗೂ ಹಾಡು ಮಾರುವವನಿಗೂ ಅರವತ್ತು ವರ್ಷಗಳಿಂದ ನಡೆದಿರುವ ಜಗಳಕ್ಕೆ ಇವೆರಡೂ ಕಾರಣ. ಸೋಜಿಗವೆಂದರೆ ಜಗಳದ ಎರಡು ಕಡೆಯಲ್ಲೂ ಒಂದೇ ಕಂಪನಿ ಇತ್ತು.

ಕ್ಯಾಸೆಟ್ಟಿನ ಹಿಂದಿರುವ ಹೆಸರು ಲೂ ಓಟೆನ್ಸ್. 1926ರಲ್ಲಿ ಹುಟ್ಟಿದ ಇವರು ಹದಿಹರೆಯದಲ್ಲಿದ್ದಾಗ ದೇಶ ಜರ್ಮನರ ವಶದಲ್ಲಿತ್ತು. ಲಂಡನ್ನಿನಿಂದ ಬರುತ್ತಿದ್ದ ‘ರೇಡಿಯೋ ಒರಾನ್ಯೆ’ ಕೇಳುವುದು ಅಪರಾಧ. 1943ರಲ್ಲಂತೂ ಮನೆಮನೆಯ ರೇಡಿಯೋಗಳನ್ನೇ ಒಪ್ಪಿಸಬೇಕೆಂಬ ಆಜ್ಞೆ ಹೊರಟಿತು. ಹುಡುಗ ಓಟೆನ್ಸ್ ಮನೆಯವರಿಗಾಗಿ ತಾನೇ ಒಂದು ರೇಡಿಯೋ ಕಟ್ಟಿದ. ಜರ್ಮನರು ಬಿಡುತ್ತಿದ್ದ ಅಡ್ಡಿಯ ಸದ್ದನ್ನು ಹೊರಗಿಡಲು ದಿಕ್ಕು ನೋಡಿ ತಿರುಗಿಸುವ ಆಂಟೆನಾ ಕೂಡಿಸಿ, ಅದಕ್ಕೆ ‘ಜರ್ಮನರ ಸೋಸುಕ’ ಎಂಬರ್ಥದ ಹೆಸರಿಟ್ಟಿದ್ದ. ಮನೆಯೊಳಗೆ ಏನು ಕೇಳಬೇಕೆಂಬುದನ್ನು ಹೊರಗಿನವರು ಗೊತ್ತುಮಾಡುವುದು ಹೇಗಿರುತ್ತದೆಂದು ಈತನಿಗೆ ಎಳೆತನದಲ್ಲೇ ಗೊತ್ತಾಗಿತ್ತು.

ಓಟೆನ್ಸ್ 1952ರಲ್ಲಿ ಫಿಲಿಪ್ಸ್ ಸೇರಿದರು. 1960ರ ಹೊತ್ತಿಗೆ ಗಡಿಯಾಚೆ ಬೆಲ್ಜಿಯಮ್ಮಿನ ಹ್ಯಾಸೆಲ್ಟ್ ಕಾರ್ಖಾನೆಯಲ್ಲಿ ಹೊಸ ಸಾಮಾನು ರೂಪಿಸುವ ವಿಭಾಗದ ಮುಖ್ಯಸ್ಥರಾಗಿದ್ದರು. ಆಗಿನ ಟೇಪ್ ರೆಕಾರ್ಡರು ಸೂಟ್‌ಕೇಸಿನಷ್ಟು ದೊಡ್ಡದು. ಟೇಪನ್ನು ಒಂದು ಸುರುಳಿಯಿಂದ ಬಿಚ್ಚಿ ಇನ್ನೊಂದಕ್ಕೆ ಸುತ್ತುವುದೇ ಒಂದು ವಿದ್ಯೆ. ಓಟೆನ್ಸ್ ಕೋಟಿನ ಜೇಬಿನಲ್ಲಿ ಹಿಡಿಯುವಂಥ ಮರದ ತುಂಡೊಂದನ್ನು ಕತ್ತರಿಸಿ, ಯಂತ್ರ ಇದಕ್ಕಿಂತ ದೊಡ್ಡದಾಗಕೂಡದು ಎಂದರು. ಆ ತುಂಡು ವಸ್ತುಸಂಗ್ರಹಾಲಯಕ್ಕೆ ದಕ್ಕಲಿಲ್ಲ. ಒಮ್ಮೆ ಕಾರಿನ ಚಕ್ರ ಬದಲಿಸುವಾಗ ಜ್ಯಾಕಿನಡಿ ಇಟ್ಟು ಹಾಳಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. 1963ರ ಆಗಸ್ಟ್ 30ರಂದು ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಕ್ಯಾಸೆಟ್ಟು ಹೊರಬಂತು. ಟೇಪಿನ ಅಗಲ 4 ಮಿಲಿಮೀಟರಿಗೂ ಕಡಿಮೆ, ಓಟ ಸೆಕೆಂಡಿಗೆ 4.76 ಸೆಂಟಿಮೀಟರು.

ಕ್ಯಾಸೆಟ್ಟು ಗೆದ್ದದ್ದು ಅದರ ಗಾತ್ರದಿಂದ ಮಾತ್ರವಲ್ಲ. ಜಪಾನಿನ ಸೋನಿ ಕಂಪನಿಯೊಂದಿಗೆ ಹಗ್ಗಜಗ್ಗಾಟ ನಡೆದ ಮೇಲೆ ಫಿಲಿಪ್ಸ್ ಪರವಾನಗಿ ಶುಲ್ಕವನ್ನು ಬಿಟ್ಟುಕೊಟ್ಟಿತು. ನಿಗದಿತ ಅಳತೆಗೆ ಬದ್ಧರಾದರೆ ಯಾರು ಬೇಕಾದರೂ ಮಾಡಬಹುದು. ಹೀಗಾಗಿ ಟೋಕಿಯೋದಲ್ಲಿ ಮಾಡಿದ ಕ್ಯಾಸೆಟ್ಟು ತುಮಕೂರಿನ ಟೇಪ್ ರೆಕಾರ್ಡರಿನಲ್ಲೂ ಓಡಿತು.

ಅದರ ಫಲವನ್ನು ಕರ್ನಾಟಕ ಚೆನ್ನಾಗಿ ಉಂಡಿದೆ. ಅದಕ್ಕೂ ಮುಂಚೆ ಹಾಡು ಮನೆಗೆ ಬರಬೇಕಾದರೆ ಆಕಾಶವಾಣಿ ಇಲ್ಲವೇ ಗ್ರಾಮಫೋನ್ ತಟ್ಟೆ. ತಟ್ಟೆ ಒತ್ತುವ ಕಾರ್ಖಾನೆ ಕಲ್ಕತ್ತೆಯ ಡಮ್‌ಡಮ್‌ನಲ್ಲಿ. ಯಾರ ದನಿ ತಟ್ಟೆಯಾಗಬೇಕು, ಯಾರದು ಬೇಡ ಎಂಬುದನ್ನು ಬೆರಳೆಣಿಕೆಯ ಮಂದಿ ತೀರ್ಮಾನಿಸುತ್ತಿದ್ದರು. ಕ್ಯಾಸೆಟ್ಟು ಬಂದ ಮೇಲೆ ಸಣ್ಣ ಬಂಡವಾಳದವನೂ ಧ್ವನಿಮುದ್ರಣ ಮಾಡಿಸಿ ಮಾರುವಂತಾಯಿತು. ಯಕ್ಷಗಾನದ ತಾಳಮದ್ದಲೆ, ಹರಿಕಥೆ, ಜನಪದ ಗೀತೆ, ಊರ ದೇವರ ಭಕ್ತಿಗೀತೆ ಎಲ್ಲವೂ ಸಂತೆಯ ಅಂಗಡಿಗೆ ಬಂದವು. ನಿಸಾರ್ ಅಹಮದರ ‘ನಿತ್ಯೋತ್ಸವ’ವನ್ನು ಮೈಸೂರು ಅನಂತಸ್ವಾಮಿಯವರ ರಾಗದಲ್ಲಿ ಮನೆಮನೆಗೆ ಮುಟ್ಟಿಸಿದ್ದೂ ಕ್ಯಾಸೆಟ್ಟೇ. ಇನ್ನೊಂದು ಬಗೆಯ ಅಂಗಡಿಯೂ ಇತ್ತು. ಪಟ್ಟಿ ಬರೆದು ಖಾಲಿ ಕ್ಯಾಸೆಟ್ಟಿನೊಂದಿಗೆ ಕೊಟ್ಟರೆ ಬೇಕಾದ ಹಾಡುಗಳನ್ನು ತುಂಬಿಸಿ ಕೊಡುತ್ತಿದ್ದರು. ಇಂದಿನ ಮಕ್ಕಳ ತಂದೆತಾಯಿಯರಲ್ಲಿ ಅನೇಕರು ಅಲ್ಲಿ ಸಾಲಿನಲ್ಲಿ ನಿಂತವರೇ. ಹಾಗೆ ತುಂಬಿಸಿಕೊಂಡ ಹಾಡಿಗಾಗಿ ಗಾಯಕನಿಗೂ ಕವಿಗೂ ಚಿಕ್ಕಾಸೂ ಸಿಗುತ್ತಿರಲಿಲ್ಲ ಎಂಬುದನ್ನೂ ಹೇಳಲೇಬೇಕು.

ಈ ಮಾತನ್ನೇ ಹಿಡಿದು 1981ರಲ್ಲಿ ಬ್ರಿಟನ್ನಿನ ಧ್ವನಿಮುದ್ರಣ ಕಂಪನಿಗಳು, ಮನೆಯಲ್ಲಿ ಟೇಪ್ ಮಾಡಿಕೊಳ್ಳುವುದರಿಂದ ಸಂಗೀತವೇ ಸಾಯುತ್ತಿದೆ ಎಂದು ಕೂಗೆಬ್ಬಿಸಿದವು. ಕ್ಯಾಸೆಟ್ಟನ್ನೇ ತಲೆಬುರುಡೆಯಂತೆ ಬರೆದು, ಕೆಳಗೆ ಎರಡು ಮೂಳೆ ಅಡ್ಡವಿಟ್ಟ ಚಿತ್ರ ಅವರ ಲಾಂಛನ. ಫಿಲಿಪ್ಸ್ ಕಂಪನಿಯ ಇಕ್ಕಟ್ಟನ್ನು ಇಲ್ಲಿ ನೋಡಬೇಕು. ಟೇಪ್ ರೆಕಾರ್ಡರ್ ಮಾರುವುದು ಅದರ ಒಂದು ಕೈ. ಪಾಲಿಗ್ರಾಮ್ ಎಂಬ ದೊಡ್ಡ ಸಂಗೀತ ಕಂಪನಿ ಅದರ ಇನ್ನೊಂದು ಕೈ. ಒಂದು ಕೈ ನಕಲು ಮಾಡುವ ಯಂತ್ರ ಕೊಡುತ್ತಿದ್ದರೆ ಇನ್ನೊಂದು ನಕಲು ಮಾಡಬೇಡಿ ಎಂದು ಬೆರಳು ತೋರಿಸುತ್ತಿತ್ತು.

ಅಷ್ಟರಲ್ಲಿ ಐಂಡ್‌ಹೋವನ್ನಿನಲ್ಲೇ ಸಿ.ಡಿ. ತಯಾರಾಗಿತ್ತು. 1979ರ ಮಾರ್ಚ್ 8ರಂದು ಪತ್ರಕರ್ತರನ್ನು ಕರೆಸಿ ಮೊದಲ ಮಾದರಿಯನ್ನು ನುಡಿಸಿ ತೋರಿಸಿದರು. ಬಳಿಕ ಸೋನಿಯೊಂದಿಗೆ ಕೂಡಿ ಅಳತೆಗಳನ್ನು ಗೊತ್ತುಮಾಡಲಾಯಿತು. ವ್ಯಾಸ 12 ಸೆಂಟಿಮೀಟರು. ನಡುವಿನ ತೂತು 15 ಮಿಲಿಮೀಟರು. ಆಗ ಡಚ್ಚರ ಜೇಬಿನಲ್ಲಿರುತ್ತಿದ್ದ ಹತ್ತು ಸೆಂಟಿನ ಪುಟ್ಟ ನಾಣ್ಯ ‘ಡುಬ್ಬೆಲ್ಚೆ’ಯ ಅಳತೆಯೂ ಅಷ್ಟೇ, ಅದನ್ನಿಟ್ಟೇ ತೂತು ಗೊತ್ತುಮಾಡಿದರೆಂಬುದು ಇಲ್ಲಿನ ಪ್ರತೀತಿ.

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಲೆಕ್ಕ ಹಾಕಬಹುದು. ಹಾಡಿನ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನ ಸಂಖ್ಯೆಯಾಗಿ ಬರೆಯುವುದು ಸಿ.ಡಿ.ಯ ಕ್ರಮ. ಎಡ ಕಿವಿಗೊಂದು, ಬಲ ಕಿವಿಗೊಂದು. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ಇವನ್ನೆಲ್ಲ ಕಣ್ಣಿಗೆ ಕಾಣದ ಸಣ್ಣ ಕುಳಿಗಳಾಗಿ, 5 ಕಿಲೋಮೀಟರಿಗೂ ಉದ್ದವಾದ ಒಂದೇ ಸುರುಳಿ ಗೆರೆಯಲ್ಲಿ ಒತ್ತಿರುತ್ತಾರೆ. ಗೆರೆ ಶುರುವಾಗುವುದು ಗ್ರಾಮಫೋನ್ ತಟ್ಟೆಯಂತೆ ಹೊರ ಅಂಚಿನಿಂದಲ್ಲ, ಒಳಗಿನಿಂದ. ಓದುವುದು ಲೇಸರ್ ಕಿರಣ. ಮುಳ್ಳು ತಾಗುವುದಿಲ್ಲವಾದ್ದರಿಂದ ಸವೆತವಿಲ್ಲ. ಅಲ್ಲಲ್ಲಿ ಗೀರು ಬಿದ್ದರೂ ಕಳೆದ ಸಂಖ್ಯೆಯನ್ನು ಉಳಿದವುಗಳಿಂದ ಕಂಡುಹಿಡಿಯುವ ಗಣಿತ ಅದರಲ್ಲಿ ಅಡಗಿದೆ.

1982ರ ಆಗಸ್ಟ್ 17ರಂದು ಜರ್ಮನಿಯ ಹ್ಯಾನೋವರ್ ಬಳಿಯ ಪಾಲಿಗ್ರಾಮ್ ಕಾರ್ಖಾನೆಯಲ್ಲಿ ಮಾರಾಟದ ಸಿ.ಡಿ.ಗಳ ತಯಾರಿಕೆ ಆರಂಭವಾಯಿತು. ಆ ತಟ್ಟೆಗೆ ಬೀಗವೇ ಇರಲಿಲ್ಲ. ಯಾಕೆಂದರೆ ಬೀಗದ ಅಗತ್ಯ ಯಾರಿಗೂ ಹೊಳೆಯುವಂತಿರಲಿಲ್ಲ. 74 ನಿಮಿಷದ ಸಂಗೀತವೆಂದರೆ 780 ಮೆಗಾಬೈಟ್‌ಗೂ ಹೆಚ್ಚು. ಆಗಿನ ಮನೆಯ ಕಂಪ್ಯೂಟರಿನ ಡಿಸ್ಕ್ ಹಿಡಿಯುತ್ತಿದ್ದುದು ಕೆಲವೇ ಮೆಗಾಬೈಟ್. ಕೊಡದಲ್ಲಿ ಕೆರೆಯನ್ನು ಹೊತ್ತೊಯ್ಯುತ್ತಾರೆಂದು ಕೆರೆಗೆ ಬೇಲಿ ಹಾಕುವವರುಂಟೆ?

ಕ್ಯಾಸೆಟ್ಟಿಗೆ ಇದ್ದ ಇನ್ನೊಂದು ಸ್ವಾಭಾವಿಕ ಬೇಲಿಯೂ ಸಿ.ಡಿ.ಗೆ ಇರಲಿಲ್ಲ. ಕ್ಯಾಸೆಟ್ಟಿನ ನಕಲಿನ ನಕಲು ತೆಗೆಯುತ್ತ ಹೋದರೆ ನಾಲ್ಕನೆಯದರಲ್ಲಿ ಹಾಡಿಗಿಂತ ‘ಸುಸ್ಸ್’ ಸದ್ದೇ ಹೆಚ್ಚು. ಸಂಖ್ಯೆಯ ನಕಲಿಗೆ ಆ ಸವಕಲಿಲ್ಲ. ನೂರನೆಯದೂ ಮೊದಲಿನದರಂತೆಯೇ. ಇದು ಅರಿವಾದದ್ದು ಸೋನಿಯವರ ಡ್ಯಾಟ್ ಟೇಪು 1987ರಲ್ಲಿ ಬಂದಾಗ. ಸಂಗೀತ ಕಂಪನಿಗಳು ರಂಪ ಮಾಡಿದವು. ಕೊನೆಗೆ ಒಂದು ರಾಜಿ ಸೂತ್ರ ಹುಟ್ಟಿತು: ಸಿ.ಡಿ.ಯಿಂದ ಒಂದು ನಕಲು ತೆಗೆದುಕೊಳ್ಳಿ, ಆದರೆ ಆ ನಕಲಿನಿಂದ ಮತ್ತೊಂದನ್ನು ತೆಗೆಯಲು ಯಂತ್ರವೇ ಒಪ್ಪುವುದಿಲ್ಲ. ಮಗನಿಗೆ ಹಕ್ಕುಂಟು, ಮೊಮ್ಮಗನಿಗಿಲ್ಲ ಎಂಬಂತೆ. ಅಮೆರಿಕ 1992ರಲ್ಲಿ ಇದನ್ನು ಕಾನೂನನ್ನೇ ಮಾಡಿತು. ಅದೇ ವರ್ಷ ಫಿಲಿಪ್ಸ್ ತಂದ ಡಿಜಿಟಲ್ ಕ್ಯಾಸೆಟ್ಟಿನೊಳಗೂ ಈ ಬೀಗ ಕೂತಿತ್ತು. ಹಳೆಯ ಕ್ಯಾಸೆಟ್ಟೂ ಅದರಲ್ಲಿ ಓಡುತ್ತಿದ್ದರೂ ಜನ ಕೊಳ್ಳಲಿಲ್ಲ. 1996ರಲ್ಲಿ ಅದು ನಿಂತೇಹೋಯಿತು. ಆ ಹೊತ್ತಿಗೆ ಜರ್ಮನಿಯ ಎರ್ಲಾಂಗನ್‌ನಲ್ಲಿ ಹಾಡನ್ನು ಹನ್ನೊಂದರಲ್ಲಿ ಒಂದು ಪಾಲಿಗೆ ಕುಗ್ಗಿಸುವ ಎಂಪಿ3 ವಿಧಾನ ಸಿದ್ಧವಾಗಿತ್ತು. 1999ರಲ್ಲಿ ನ್ಯಾಪ್‌ಸ್ಟರ್ ಬಂದ ಮೇಲೆ ನಡೆದದ್ದನ್ನು ಮತ್ತೆ ಹೇಳಬೇಕಿಲ್ಲ. ಫಿಲಿಪ್ಸ್ 1998ರಲ್ಲೇ ಪಾಲಿಗ್ರಾಮನ್ನು ಸೀಗ್ರಾಮ್ ಎಂಬ ಕಂಪನಿಗೆ ಮಾರಿ ಕೈತೊಳೆದುಕೊಂಡಿತ್ತು. ಜಾಣತನವೋ ಅದೃಷ್ಟವೋ!

ಮಾರಿದ ಮೇಲೆ ಅದರ ಮಾತಿನ ಧಾಟಿಯೂ ಬದಲಾಯಿತು. ಸಂಗೀತ ಕಂಪನಿಗಳು ಕಂಪ್ಯೂಟರಿನಲ್ಲಿ ನಕಲಾಗದಂತೆ ಬೇಕೆಂದೇ ಕೆಡಿಸಿದ ಸಿ.ಡಿ.ಗಳನ್ನು ಮಾರತೊಡಗಿದಾಗ, ಅವು ನಿಗದಿತ ಅಳತೆಗೆ ಹೊಂದುವುದಿಲ್ಲ, ಅವುಗಳ ಮೇಲೆ ಸಿ.ಡಿ. ಲಾಂಛನ ಹಾಕಕೂಡದು ಎಂದು 2002ರಲ್ಲಿ ಫಿಲಿಪ್ಸ್ ಎಚ್ಚರಿಸಿತು. ಅಂಥ ಕೆಲವು ಬೀಗಗಳನ್ನು ತಟ್ಟೆಯ ಅಂಚಿಗೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ಮುರಿಯಬಹುದೆಂಬುದು ಅದೇ ವರ್ಷ ಬಯಲಾಗಿ ಎಲ್ಲರೂ ನಕ್ಕರು. 2005ರದ್ದು ನಗುವ ಸಂಗತಿಯಲ್ಲ. ಸೋನಿ ಬಿಎಂಜಿ ಕಂಪನಿಯ ಕೆಲವು ಸಿ.ಡಿ.ಗಳನ್ನು ಕಂಪ್ಯೂಟರಿಗೆ ಹಾಕಿದರೆ ಅವು ಯಜಮಾನನಿಗೆ ತಿಳಿಯದಂತೆ ಒಳಗೊಂದು ತಂತ್ರಾಂಶ ಅಡಗಿಸಿಡುತ್ತಿದ್ದವು. ಬೇರೆ ಕಿಡಿಗೇಡಿಗಳಿಗೂ ಅದು ದಾರಿ ಮಾಡಿಕೊಡುತ್ತಿತ್ತು. ಲಕ್ಷಗಟ್ಟಲೆ ತಟ್ಟೆಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಕಳ್ಳನನ್ನು ಹಿಡಿಯಲು ದುಡ್ಡು ಕೊಟ್ಟು ಕೊಂಡವನ ಮನೆಗೇ ಕನ್ನ ಹಾಕಿದ ಹಾಗೆ.

ಊರಿನ ಪಶ್ಚಿಮಕ್ಕಿರುವ ಸ್ಟ್ರೈಪ್-ಎಸ್ ಬಡಾವಣೆಗೆ ಹೋಗದೆ ಐಂಡ್‌ಹೋವನ್ ನೋಡಿದಂತಾಗುವುದಿಲ್ಲ. ರೇಡಿಯೋ ಕಾರ್ಖಾನೆಗಳೂ ‘ನಾಟ್‌ಲ್ಯಾಬ್’ ಎಂಬ ಸಂಶೋಧನಾಲಯವೂ ಇದ್ದ ಈ ಜಾಗಕ್ಕೆ ಹಿಂದೆ ಸುತ್ತಲೂ ಬೇಲಿ. ಕಂಪನಿಯ ಗುರುತು ಚೀಟಿ ಇಲ್ಲದವರಿಗೆ ಪ್ರವೇಶವಿರಲಿಲ್ಲ. ಊರಿನವರು ಅದನ್ನು ‘ನಿಷೇಧಿತ ನಗರ’ ಎನ್ನುತ್ತಿದ್ದರು. ನಾಟ್‌ಲ್ಯಾಬಿನಲ್ಲಿ ವಿದ್ಯುನ್ಮಾನ ಸಂಗೀತ ಕಟ್ಟುತ್ತಿದ್ದ ಡಿಕ್ ರಾಯ್‌ಮಾಕರ್ಸ್ ತನ್ನ ಹೆಸರನ್ನೂ ಲ್ಯಾಬಿನ ಹೆಸರನ್ನೂ ತಿರುಗುಮುರುಗಾಗಿ ಬರೆದು ‘ಕಿಡ್ ಬಾಲ್ಟನ್’ ಎಂಬ ಗುಪ್ತನಾಮದಲ್ಲಿ ತಟ್ಟೆ ಹೊರತಂದ. ಈಗ ಬೇಲಿ ಹೋಗಿದೆ. ಗಡಿಯಾರದ ಕಟ್ಟಡದಲ್ಲಿ ಸಂಗೀತ ಕಛೇರಿ ನಡೆಯುತ್ತದೆ, ನಾಟ್‌ಲ್ಯಾಬಿನಲ್ಲಿ ಸಿನಿಮಾ ತೋರಿಸುತ್ತಾರೆ. ಟಿ.ವಿ., ಆಡಿಯೋ ವ್ಯವಹಾರಗಳನ್ನು ಫಿಲಿಪ್ಸ್ ಬೇರೆಯವರಿಗೆ ಬಿಟ್ಟುಕೊಟ್ಟು ಆಸ್ಪತ್ರೆಯ ಯಂತ್ರಗಳತ್ತ ಹೊರಳಿದೆ, ಮುಖ್ಯ ಕಚೇರಿ ಆಮ್‌ಸ್ಟರ್‌ಡಾಮಿಗೆ ಹೋಗಿದೆ. ಬೆಂಗಳೂರಿನಲ್ಲಿ 1996ರಿಂದ ಅದರ ತಂತ್ರಾಂಶ ಕೇಂದ್ರವಿದೆ. ಇಲ್ಲಿ ಪಕ್ಕದ ವೆಲ್ಡ್‌ಹೋವನ್‌ನಲ್ಲಿರುವ, 1984ರಲ್ಲಿ ಫಿಲಿಪ್ಸ್ ಮಡಿಲಲ್ಲೇ ಹುಟ್ಟಿದ ಎಎಸ್‌ಎಂಎಲ್ ಕಂಪನಿಗೆ ಭಾರತದ ಎಂಜಿನಿಯರುಗಳು ಬಹಳ ಮಂದಿ ಬಂದಿದ್ದಾರೆ. ಶನಿವಾರದ ಪೇಟೆಯಲ್ಲಿ ಕೊತ್ತಂಬರಿ ಸೊಪ್ಪಿಗೆ ಗಿರಾಕಿ ಕಡಿಮೆಯೇನಿಲ್ಲ.

ನಕಲಿನ ವಿಚಾರಕ್ಕೆ ಡಚ್ಚರು ಹುಡುಕಿಕೊಂಡ ದಾರಿ ಬೇರೆ. ಮನೆಯ ಬಳಕೆಗೆ ನಕಲು ಮಾಡಿಕೊಳ್ಳಿ, ಆದರೆ ಖಾಲಿ ಟೇಪು ಕೊಳ್ಳುವಾಗಲೇ ಒಂದಿಷ್ಟು ಹೆಚ್ಚು ಕೊಡಿ, ಅದು ಕಲಾವಿದರಿಗೆ ಹಂಚಿಕೆಯಾಗುತ್ತದೆ ಎಂಬ ಕಾನೂನು. 2013ರಿಂದ ಮೊಬೈಲು, ಕಂಪ್ಯೂಟರುಗಳಿಗೂ ಇದನ್ನು ವಿಸ್ತರಿಸಿದರು. ಕದ್ದ ಮೂಲದಿಂದ ಇಳಿಸಿಕೊಳ್ಳುವುದನ್ನೂ ಇದರಡಿ ಬಹುಕಾಲ ಸಹಿಸಿಕೊಂಡಿದ್ದರು. 2014ರ ಏಪ್ರಿಲ್‌ನಲ್ಲಿ ಯುರೋಪಿನ ನ್ಯಾಯಾಲಯ ಅದು ಸಲ್ಲದೆಂದಿತು. ನಕಲೇ ಮಾಡದವನೂ ಈ ದುಡ್ಡು ತೆರಬೇಕಾದ್ದು ಅದರ ಕುಂದು. ಹಾಗಿದ್ದರೂ ಯಂತ್ರದೊಳಗೆ ಕಾವಲುಗಾರನನ್ನು ಕೂರಿಸುವುದಕ್ಕಿಂತ ಇದು ಮರ್ಯಾದೆಯ ದಾರಿ ಎನ್ನಬೇಕು.

ಈಗಿನ ಹುಡುಗರಿಗೆ ನಕಲಿನ ಗೊಡವೆಯೇ ಇಲ್ಲ. ತಿಂಗಳ ಚಂದಾ ಕಟ್ಟಿದರೆ ಕೋಟಿಗಟ್ಟಲೆ ಹಾಡು ಮೊಬೈಲಿಗೆ ಹರಿದುಬರುತ್ತದೆ. ಚಂದಾ ನಿಂತರೆ ಇಳಿಸಿಟ್ಟುಕೊಂಡ ಹಾಡೂ ಮೂಕವಾಗುತ್ತದೆ. ಹಕ್ಕುದಾರರಿಗೂ ಆ್ಯಪ್‌ನವರಿಗೂ ಮನಸ್ತಾಪವಾದರೆ ನಿನ್ನೆ ಇದ್ದ ಹಾಡು ಇಂದು ಪಟ್ಟಿಯಲ್ಲಿರುವುದಿಲ್ಲ. ತಾಯಿಯ ಟ್ರಂಕಿನಲ್ಲಿರುವ ಕ್ಯಾಸೆಟ್ಟು ಹಾಗಲ್ಲ. ಟೇಪು ಸಡಿಲವಾಗಿದ್ದರೆ ಪೆನ್ಸಿಲ್ ತೂರಿಸಿ ಸುತ್ತಿದರಾಯಿತು, ಯಾರ ಅಪ್ಪಣೆಯೂ ಬೇಡ.

ಲೂ ಓಟೆನ್ಸ್ ಸಿ.ಡಿ.ಯ ಕೆಲಸದಲ್ಲೂ ಪಾಲುಗೊಂಡಿದ್ದರು. 2021ರ ಮಾರ್ಚ್‌ನಲ್ಲಿ ಐಂಡ್‌ಹೋವನ್ನಿಗೆ ಹತ್ತಿರದ ಡೌಜೆಲ್ ಹಳ್ಳಿಯಲ್ಲಿ, 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕ್ಯಾಸೆಟ್ಟನ್ನು ಮತ್ತೆ ಹುಡುಕಿಕೊಂಡು ಹೋಗುವ ತರುಣರನ್ನು ಕಂಡು ಅವರಿಗೆ ಆಶ್ಚರ್ಯವಾಗುತ್ತಿತ್ತು; ಸದ್ದಿನ ಮಟ್ಟಿಗೆ ಸಿ.ಡಿ.ಯನ್ನು ಮೀರಿಸುವುದಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ. ಹೋಗುವವರು ಸೆಪ್ಟೆಂಬರ್ 18ರ ಆಸುಪಾಸಿಗೆ ಹೋದರೆ ಒಳ್ಳೆಯದು. 1944ರಲ್ಲಿ ಊರು ಜರ್ಮನರಿಂದ ಬಿಡುಗಡೆಯಾದ ದಿನ ಅದು. ಅಂದು ಸಂಜೆಯಿಂದ ಬೀದಿಗಳಲ್ಲಿ ಬಣ್ಣದ ದೀಪಗಳ ಅಲಂಕಾರ ಹತ್ತಿಕೊಳ್ಳುತ್ತದೆ.