ಪದಸೂಚಿಯ ಬೀಗ ಮತ್ತು ಗ್ರಂಥಾಗ್ರ

ಅಥಣಿ ರಸ್ತೆಯು ತಿಕೋಟಾದತ್ತ ಹೊರಡುವ ವಿಜಯಪುರ ನಗರವು ವಚನ ಸಂಪಾದನೆಯ ಇತಿಹಾಸದಲ್ಲಿ ಚಿರಸ್ಮರಣೀಯವಾದುದು. ವಕೀಲರಾಗಿ ಇಲ್ಲಿ ನೆಲೆಸಿದ ಫ.ಗು. ಹಳಕಟ್ಟಿ (1880–1964) ಅವರು ತಾಳೆಗರಿಯ ಕಟ್ಟುಗಳನ್ನು ಅರಸಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಪ್ರಥಮ ಭಾಗವನ್ನು ಬೆಳಕಿಗೆ ತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅಂದು ಒಂದೊಂದು ಗರಿಯನ್ನೂ ತಿರುವಿ ಹುಡುಕಬೇಕಾಗಿದ್ದ ಪದವನ್ನು ಇಂದಿನ ಸಂಶೋಧಕರು ಗಣಕದಲ್ಲಿ ಕ್ಷಣಾರ್ಧದಲ್ಲಿ ಪಡೆಯುತ್ತಾರೆ. ಇಂತಹ ಶೋಧಕ್ಕೆ ಆಧಾರವಾದ ಪದಸೂಚಿ ಎಷ್ಟರಮಟ್ಟಿಗೆ ನಂಬಲರ್ಹ ಎಂಬುದು ವಿಚಾರಾರ್ಹ.

1999ರಲ್ಲಿ ಡಗ್ ಕಟಿಂಗ್ ರಚಿಸಿದ ‘ಲೂಸೀನ್’ ಈ ಬಗೆಯ ಸೂಚಿಯನ್ನು ಕಟ್ಟುವ ಪ್ರಸಿದ್ಧ ತಂತ್ರಾಂಶ. ಅದರ ನಿಯಮದಂತೆ ಏಕಕಾಲಕ್ಕೆ ಓದುವವರು ಎಷ್ಟಾದರೂ ಇರಬಹುದು, ಬರೆಯುವ ಲೇಖನಿ ಮಾತ್ರ ಒಂದೇ. ಬರೆಯತೊಡಗಿದ ಪ್ರಕ್ರಿಯೆಯು ‘ರೈಟ್ ಲಾಕ್’ ಎಂಬ ಬೀಗವನ್ನು ಹಿಡಿಯುತ್ತದೆ. ಅದನ್ನು ಬಿಡುವತನಕ ಎರಡನೆಯದಕ್ಕೆ ಪ್ರವೇಶವಿಲ್ಲ. ಹೊಸ ಪಠ್ಯವನ್ನು ಪ್ರತ್ಯೇಕ ಖಂಡವಾಗಿ ಬರೆದು, ಕೊನೆಗೆ ಖಂಡಗಳ ಹೊಸ ಪಟ್ಟಿಯನ್ನು ಸಿದ್ಧಪಡಿಸಲಾಗುತ್ತದೆ. ನಡುವೆ ವಿದ್ಯುತ್ ಕಡಿದುಹೋದರೂ ಹಳೆಯ ಪಟ್ಟಿ ಉಳಿದಿರುತ್ತದೆ. ಓದುಗರಿಗೆ ಅರೆಬರೆ ಸೂಚಿ ಕಾಣುವುದಿಲ್ಲ.

ಬೀಗವನ್ನೇ ಅಡಚಣೆಯೆಂದು ಬಗೆದಾಗ ಆಪತ್ತು ಒದಗುತ್ತದೆ. ಹಿಂದಿನ ಪ್ರಕ್ರಿಯೆ ಇನ್ನೂ ಬರೆಯುತ್ತಿರುವಾಗ ಬೀಗದ ಕಡತವನ್ನು ಅಳಿಸಿ ಮತ್ತೊಂದನ್ನು ಆರಂಭಿಸಿದರೆ, ಎರಡು ಕಂಠಗಳು ಒಂದೇ ಗರಿಯನ್ನು ಕೊರೆದಂತಾಗುತ್ತದೆ. ಒಂದರ ಪಟ್ಟಿಯಲ್ಲಿ ಇನ್ನೊಂದರ ಖಂಡಗಳು ಇಲ್ಲದೆ ಹೋಗಬಹುದು. ಅಕ್ಷರ ಕೆಟ್ಟಿದ್ದರೆ ಕಡತದ ಅಂತ್ಯದಲ್ಲಿರುವ ತಾಳೆಯ ಮೊತ್ತ ಅದನ್ನು ಹಿಡಿದುಕೊಡುತ್ತದೆ; ಪಟ್ಟಿಯಿಂದಲೇ ಜಾರಿದುದನ್ನು ಅದು ಹಿಡಿಯಲಾರದು. ಸೂಚಿಯು ಹೊರನೋಟಕ್ಕೆ ನಿರ್ದುಷ್ಟವಾಗಿಯೇ ಇರುತ್ತದೆ. ಹೀಗಾದಾಗ ‘ಅಕ್ಕಮಹಾದೇವಿ ಈ ಪದವನ್ನು ಬಳಸಿಯೇ ಇಲ್ಲ’ ಎಂಬ ಸುಳ್ಳು ನಿರ್ಣಯ ಪ್ರಬಂಧವೊಂದನ್ನು ಸೇರಿ, ಅಲ್ಲಿಂದ ಮುಂದಿನ ಪ್ರಬಂಧಗಳಿಗೆ ಹಬ್ಬಬಹುದು.

ಪ್ರಾಚೀನ ಲಿಪಿಕಾರರಿಗೆ ಲೋಪದ ಭಯ ಹೊಸದಾಗಿರಲಿಲ್ಲ. ಅನೇಕ ಜೈನ ಹಸ್ತಪ್ರತಿಗಳ ಕೊನೆಯಲ್ಲಿ ‘ಗ್ರಂಥಾಗ್ರ’ವೆಂಬ ಎಣಿಕೆ ದೊರೆಯುತ್ತದೆ. 32 ಅಕ್ಷರಗಳಿಗೆ ಒಂದು ಗ್ರಂಥವೆಂದು ಲೆಕ್ಕಹಾಕಿ ಕೃತಿಯ ಒಟ್ಟು ಪ್ರಮಾಣವನ್ನು ನಮೂದಿಸುವ ಕ್ರಮವಿದು. ಅಂಥ ಎಣಿಕೆಯಿದ್ದಾಗ ಕಳೆದುಹೋದ ಗರಿಯ ಸುಳಿವು ಸಿಗುತ್ತದೆ. ಗಣಕದ ಸೂಚಿಗೂ ಈ ವಿವೇಕ ಬೇಕು: ಮೂಲದಲ್ಲಿರುವ ವಚನಗಳ ಸಂಖ್ಯೆಯನ್ನು ಸೂಚಿಯ ಹೊರಗೆ ಬರೆದಿಟ್ಟು, ಪ್ರತಿ ಪರಿಷ್ಕರಣೆಯ ಬಳಿಕ ಹೋಲಿಸಬೇಕು; ವ್ಯತ್ಯಾಸ ಕಂಡರೆ ಮೂಲದಿಂದಲೇ ಮರಳಿ ಕಟ್ಟಬೇಕು. ‘ಫಲಿತಾಂಶವಿಲ್ಲ’ ಎಂಬುದು ಸೂಚಿಯ ಮಾತು, ವಚನಕಾರರದಲ್ಲ. ಮುದ್ರಿತ ಸಂಪುಟದೊಡನೆ ತಾಳೆ ನೋಡಿದ ಬಳಿಕವೇ ಅದಕ್ಕೆ ಪ್ರಮಾಣದ ಬೆಲೆ.