ಮೂರನೆಯ ಪಂದ್ಯ

ಕಾಲ್ಚೆಂಡಾಟದ ದೊಡ್ಡ ಪಂದ್ಯಾವಳಿಗಳಲ್ಲಿ ನಮ್ಮ ನೆನಪಿನಲ್ಲಿ ಉಳಿಯುವುದು ಕೊನೆಯ ದಿನದ ಆಟ, ಕಪ್ಪನ್ನು ಎತ್ತಿ ಹಿಡಿದ ಕೈಗಳು. ಆದರೆ ಲೆಕ್ಕ ಹಾಕಿ ನೋಡಿದರೆ ಪಂದ್ಯಾವಳಿಯ ಬಹುಪಾಲು ಇರುವುದು ಅಲ್ಲಲ್ಲ. 2023ರಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ನಡೆದ ಮಹಿಳೆಯರ ವಿಶ್ವಕಪ್ಪಿನಲ್ಲಿ 32 ದೇಶಗಳು ಆಡಿದವು. ಒಟ್ಟು 64 ಪಂದ್ಯ. ಅವುಗಳಲ್ಲಿ 48 ಗುಂಪಿನ ಪಂದ್ಯಗಳು. ನಾಲ್ಕು ನಾಲ್ಕು ದೇಶಗಳ ಎಂಟು ಗುಂಪು. ಗುಂಪಿನೊಳಗೆ ಪ್ರತಿಯೊಂದು ತಂಡವೂ ಉಳಿದ ಮೂರರೊಡನೆ ಆಡಬೇಕು. ಗೆದ್ದರೆ 3 ಅಂಕ, ಸಮವಾದರೆ 1. ಕಡೆಗೆ ಎರಡು ತಂಡ ಮುಂದಕ್ಕೆ, ಎರಡು ಊರಿಗೆ. ಹೀಗಾಗಿ 16 ದೇಶಗಳ ಪಾಲಿಗೆ ವಿಶ್ವಕಪ್ಪೆಂದರೆ ಆ ಮೂರು ಪಂದ್ಯಗಳೇ ಹೊರತು ಬೇರೇನೂ ಅಲ್ಲ.

ಈ ಏರ್ಪಾಡಿನಲ್ಲಿ ಒಂದು ವಿಚಿತ್ರವಿದೆ. ಸೋತೊಡನೆ ಮನೆಗೆ ಕಳುಹಿಸುವ ಪಂದ್ಯದಲ್ಲಿ ಸೋತವರಿಗೆ ಕಡೆಯಪಕ್ಷ ಮರೆಗೆ ಸರಿಯುವ ಅವಕಾಶವುಂಟು. ಗುಂಪಿನಲ್ಲಿ ಅದೂ ಇಲ್ಲ. ಎರಡು ಪಂದ್ಯ ಸೋತು, ಮುಂದಿನ ದಾರಿಯೆಲ್ಲ ಮುಚ್ಚಿದ ಮೇಲೂ, ಬೂಟಿನ ಲಾಡಿ ಬಿಗಿದು ಮೂರನೆಯದನ್ನು ಆಡಲೇಬೇಕು. ಆಡಿ ಏನು ಫಲ ಎಂದು ಕೇಳುವವರು ಬಹಳ. ಆ ಪ್ರಶ್ನೆಗೆ ನನಗೆ ತೋರಿದ ಉತ್ತರವನ್ನು ಓದುಗರ ಮುಂದಿಡುತ್ತಿದ್ದೇನೆ.

ನಾನು ತುಮಕೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವನು, ಆಟಗಾರನಲ್ಲ. ನಮ್ಮ ಸೀಮೆಯೂ ಕಾಲ್ಚೆಂಡಿನ ಸೀಮೆಯಲ್ಲ. ಇಲ್ಲಿ ಹುಡುಗಿಯರ ಆಟವೆಂದರೆ ಖೋ ಖೋ, ಕಬಡ್ಡಿ, ಹೆಚ್ಚೆಂದರೆ ಥ್ರೋಬಾಲ್. ಆದರೂ ಗುಬ್ಬಿಯ ತೆಂಗಿನ ತೋಟಗಳ ಕಡೆಯಿಂದ, ಕುಣಿಗಲ್ ಕೆರೆಯ ಆಚೀಚಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದಿಳಿಯುವ ವಿದ್ಯಾರ್ಥಿನಿಯರ ಕೈಯ ಫೋನಿನಲ್ಲಿ ಈಗ ಜಗತ್ತಿನ ಆಟವೆಲ್ಲ ಅಡಗಿದೆ. ಇದು ಗುಬ್ಬಿ ವೀರಣ್ಣನವರ ನಾಡು. ಹೆಣ್ಣು ವೇಷವನ್ನೂ ಗಂಡಸರೇ ಹಾಕುತ್ತಿದ್ದ ಕಾಲದಲ್ಲಿ ಅವರ ಕಂಪೆನಿ ಹೆಂಗಸರನ್ನು ರಂಗಕ್ಕೆ ತಂದಿತು, ಬಿ. ಜಯಮ್ಮನವರಂಥ ಕಲಾವಿದೆಯರನ್ನು ಜನ ಕಣ್ತುಂಬ ನೋಡಿದರು. ನಾಲ್ಕು ಜನರ ಕಣ್ಣೆದುರಿಗೆ ಹೆಣ್ಣು ಬಂದು ನಿಲ್ಲುವುದೇ ಅಂದಿನ ಸಾಹಸ. ಆದರೆ ನಾಟಕದ ಸೋಲನ್ನು ಕವಿ ಮೊದಲೇ ಬರೆದಿಟ್ಟಿರುತ್ತಾನೆ. ಯಾರೂ ಬರೆದಿಡದ ಸೋಲನ್ನು ಸಾವಿರಾರು ಜನರೆದುರು ಸೋತು, ಮತ್ತೆ ಮೂರು ದಿನಕ್ಕೆ ಅದೇ ಜನರ ಮುಂದೆ ಬರುವುದು ಅದಕ್ಕಿಂತ ಒಂದು ಕೈ ಮೇಲಿನದು.

2022ರ ಅಕ್ಟೋಬರಿನಲ್ಲಿ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ನಮ್ಮ ದೇಶದಲ್ಲೇ ನಡೆಯಿತು. ಆತಿಥೇಯರೆಂದು ನಮ್ಮ ತಂಡಕ್ಕೂ ಸ್ಥಾನ ದೊರೆಯಿತು. ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ 11ರಂದು ಅಮೆರಿಕದೆದುರು ಮೊದಲ ಪಂದ್ಯ, 0–8. ಮರುದಿನ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ನಗೆಯೋ ನಗೆ. “ಎಂಟಕ್ಕೇ ನಿಲ್ಲಿಸಿದರಲ್ಲ, ಅದು ಅವರ ದೊಡ್ಡತನ” ಎಂದರು ಒಬ್ಬರು. ಅರ್ಜಿಗೆ ಸಹಿ ಹಾಕಿಸಲು ಬಂದು ನಿಂತಿದ್ದ ಕುಣಿಗಲ್ ಕಡೆಯ ಹುಡುಗಿಯೊಬ್ಬಳು ತಲೆ ತಗ್ಗಿಸಿಕೊಂಡೇ, “ಇನ್ನೂ ಎರಡು ಮ್ಯಾಚ್ ಐತೆ ಸಾರ್” ಎಂದಳು. ಕೊಠಡಿ ಒಂದು ಗಳಿಗೆ ಸುಮ್ಮನಾಯಿತು. 14ರಂದು ಮೊರಾಕೊ ನಮ್ಮನ್ನು 3–0ರಿಂದ ಸೋಲಿಸಿತು. 17ರಂದು, ಗೆದ್ದರೂ ಪ್ರಯೋಜನವಿಲ್ಲದ ಮೂರನೆಯ ಪಂದ್ಯದಲ್ಲಿ, ಬ್ರೆಜಿಲ್ 5–0. ಬಿಟ್ಟ ಗೋಲು 16, ಹೊಡೆದದ್ದು ಸೊನ್ನೆ. ಆ ಹುಡುಗಿಯ ಮಾತಿನಲ್ಲಿ ಗೆಲ್ಲುವ ಭರವಸೆಯೇನೂ ಇರಲಿಲ್ಲ. ಆಡಬೇಕಾದ್ದು ಇನ್ನೂ ಎರಡಿದೆ ಎಂಬ ಲೆಕ್ಕವಷ್ಟೇ ಇತ್ತು.

ಆ ಲೆಕ್ಕ ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಅದೇ ವರ್ಷದ ಜನವರಿಯನ್ನು ನೆನೆಯಬೇಕು. ಏಷ್ಯಾ ಕಪ್ಪಿನ ಗುಂಪಿನ ಪಂದ್ಯದಲ್ಲಿ ನಮ್ಮ ಹಿರಿಯ ತಂಡ 20ರಂದು ನವಿ ಮುಂಬಯಿಯಲ್ಲಿ ಇರಾನಿನೊಡನೆ 0–0 ಸಮ ಮಾಡಿಕೊಂಡಿತು. 23ರಂದು ಚೈನೀಸ್ ತೈಪೆಯೆದುರು ಆಡಬೇಕು. ಅಷ್ಟರಲ್ಲಿ ಕೊರೋನ ತಂಡದೊಳಕ್ಕೆ ಹೊಕ್ಕಿತು. ನಿಯಮದಂತೆ ಬೇಕಾದ 13 ಮಂದಿ ಆಟಗಾರ್ತಿಯರೂ ದೊರೆಯಲಿಲ್ಲ. ತಂಡ ಹಿಂದೆ ಸರಿದಂತೆ ಎಂದು ತೀರ್ಮಾನವಾಯಿತು. ಆಡಿದ್ದ ಒಂದು ಪಂದ್ಯವೂ ಲೆಕ್ಕಕ್ಕೆ ಬರಲಿಲ್ಲ. ಒಮ್ಮೆಯೂ ಸೋಲದೆ ಮನೆಗೆ ಹೋದ ಆ ತಂಡಕ್ಕಿಂತ, 16 ಗೋಲು ತಿಂದು ಮೂರೂ ಪಂದ್ಯ ಮುಗಿಸಿದ ಆ ಕಿರಿಯರೇ ಭಾಗ್ಯಶಾಲಿಗಳೆಂದು ನನಗೆ ತೋರುತ್ತದೆ.

ಇನ್ನೊಂದು ಮಾತು. ಸೋತವರ ಮೂರನೆಯ ಪಂದ್ಯ ಅವರೊಬ್ಬರದೇ ಅಲ್ಲ. 2019ರಲ್ಲಿ ಫ್ರಾನ್ಸಿನ ವಿಶ್ವಕಪ್ಪಿನಲ್ಲಿ ಅಮೆರಿಕ ಥಾಯ್ಲೆಂಡನ್ನು 13–0ರಿಂದ ಸೋಲಿಸಿತು. ಮುಂದಿನ ಪಂದ್ಯದಲ್ಲಿ ಸ್ವೀಡನ್ 4–0 ಮುಂದಿದ್ದಾಗ, ಆಟ ಇನ್ನೇನು ಮುಗಿಯಬೇಕು ಎನ್ನುವಾಗ, ಥಾಯ್ಲೆಂಡಿನ ಕಾಂಜನಾ ಒಂದು ಗೋಲು ಹೊಡೆದಳು; ತಂಡದ ವ್ಯವಸ್ಥಾಪಕಿ ಕುಳಿತಲ್ಲೇ ಅತ್ತುಬಿಟ್ಟರು. ಮೂರನೆಯ ಪಂದ್ಯ ಚಿಲಿಯೊಡನೆ. ಚಿಲಿಗೆ ಮುಂದೆ ಹೋಗಲು ಮೂರು ಗೋಲುಗಳ ಅಂತರ ಬೇಕಿತ್ತು. ದೊರೆತದ್ದು ಎರಡೇ, ಕಡೆಯ ನಿಮಿಷಗಳಲ್ಲಿ ಸಿಕ್ಕ ಪೆನಾಲ್ಟಿಯೂ ಅಡ್ಡಪಟ್ಟಿಗೆ ಬಡಿದು ಹಿಂದಿರುಗಿತು. ಇದರಿಂದ ಮುಂದಿನ ಸುತ್ತಿಗೆ ಹೋದವರು ಯಾರು? ತಮ್ಮ ಪಂದ್ಯಗಳನ್ನು ಮೂರು ದಿನ ಮುಂಚೆಯೇ ಮುಗಿಸಿ ಕಾಯುತ್ತಿದ್ದ ನೈಜೀರಿಯದವರು! ಥಾಯ್ಲೆಂಡಿನವರು ‘ಹೇಗೂ ಸೋತಾಯಿತು’ ಎಂದು ಕೈಚೆಲ್ಲಿದ್ದರೆ ನೈಜೀರಿಯಕ್ಕೆ ಅನ್ಯಾಯವಾಗುತ್ತಿತ್ತು.

2023ರಲ್ಲಿಯೂ ಹೀಗೆಯೇ ಆಯಿತು. ಮೊರಾಕೊ ಮೊದಲ ಪಂದ್ಯದಲ್ಲಿ ಜರ್ಮನಿಗೆ 0–6ರಿಂದ ಸೋತಿತ್ತು. ಮುಂದಿನ ಎರಡನ್ನೂ 1–0ರಿಂದ ಗೆದ್ದಿತು. ಆದರೂ ಅವರ ಗತಿ ಬ್ರಿಸ್ಬೇನಿನ ಇನ್ನೊಂದು ಪಂದ್ಯದ ಕೈಯಲ್ಲಿತ್ತು. ಎರಡೂ ಪಂದ್ಯ ಸೋತಿದ್ದ ದಕ್ಷಿಣ ಕೊರಿಯ ಅಲ್ಲಿ ಜರ್ಮನಿಯನ್ನು 1–1ಕ್ಕೆ ಹಿಡಿದು ನಿಲ್ಲಿಸಿತು. ಪರ್ತ್‌ನಲ್ಲಿ ತಮ್ಮ ಆಟ ಮುಗಿಸಿದ್ದ ಮೊರಾಕೊದ ಹುಡುಗಿಯರು ಒಂದು ಫೋನಿನ ಸುತ್ತ ನಿಂತು ಆ ಸುದ್ದಿಗೆ ಕಾದರು. ಜರ್ಮನಿ ಊರಿಗೆ, ಮೊರಾಕೊ ಮುಂದಕ್ಕೆ. ಸೋತವರು ಪ್ರಾಮಾಣಿಕವಾಗಿ ಆಡುತ್ತಾರೆಂಬ ನಂಬಿಕೆಯ ಮೇಲೆಯೇ ಗೆಲ್ಲುವವರ ಗೆಲುವೂ ನಿಂತಿದೆ.

2025ರ ಜೂನ್ 23ರಂದು ಲೆಕ್ಕ ತಿರುಗಿತು. ಏಷ್ಯಾ ಕಪ್ಪಿನ ಅರ್ಹತೆಗಾಗಿ ಥಾಯ್ಲೆಂಡಿನ ಚಿಯಾಂಗ್ ಮಾಯಿಯಲ್ಲಿ ನಡೆದ ಗುಂಪಿನ ಮೊದಲ ಪಂದ್ಯದಲ್ಲಿ ನಮ್ಮವರು ಮಂಗೋಲಿಯವನ್ನು 13–0ರಿಂದ ಸೋಲಿಸಿದರು. ತರಗತಿಯಲ್ಲಿ ಸಂಭ್ರಮವೋ ಸಂಭ್ರಮ, ನನಗೂ ಸಂತೋಷವೇ. ಗುಬ್ಬಿಯ ಹುಡುಗಿಯೊಬ್ಬಳು ಮಾತ್ರ, ಹಾಸ್ಟೆಲಿನ ಅಂಗಳದ ಆಟದಲ್ಲಿ ಗೋಲು ಕಾಯುವವಳು, ಮೆಲ್ಲನೆ ಕೇಳಿದಳು: “ಆ ಮಂಗೋಲಿಯದ ಗೋಲಿ ರಾತ್ರಿ ಊಟ ಮಾಡಿದಳೋ ಇಲ್ಲವೋ ಸಾರ್?”

ಹಳಗನ್ನಡ ಪಾಠ ಹೇಳುವವನಿಗೆ ಈ ಮಾತು ಅಪರಿಚಿತವಲ್ಲ. ರನ್ನನ ‘ಗದಾಯುದ್ಧ’ದಲ್ಲಿ ಗೆಲ್ಲುವವನು ಭೀಮ; ಪುಸ್ತಕ ಮುಚ್ಚಿದ ಮೇಲೆ ಕಣ್ಣಮುಂದೆ ನಿಲ್ಲುವವನು ತನ್ನವರ ಹೆಣಗಳ ನಡುವೆ ನಡೆದುಹೋಗುವ ದುರ್ಯೋಧನ. ಪಂಪನ ಕರ್ಣನಾದರೂ ಸೋತವನೇ. ಗೆದ್ದವರ ಪಕ್ಕದಲ್ಲಿ ಕುಳಿತೇ ಸೋತವರನ್ನು ಕಣ್ಣಿಟ್ಟು ನೋಡಬೇಕೆಂಬುದು ನಮ್ಮ ಕವಿಗಳು ಸಾವಿರ ವರ್ಷದ ಹಿಂದೆಯೇ ಕಲಿಸಿದ ಪಾಠ. ಅದನ್ನು ನಾನು ವರ್ಷವರ್ಷವೂ ಹೇಳುತ್ತೇನೆ. ಆ ಹುಡುಗಿ ಒಂದೇ ಪ್ರಶ್ನೆಯಲ್ಲಿ ಹೇಳಿದಳು.

ಜುಲೈ 5ರಂದು ಆ ಗುಂಪಿನ ಕೊನೆಯ ಪಂದ್ಯದಲ್ಲಿ ಭಾರತ ಥಾಯ್ಲೆಂಡನ್ನು 2–1ರಿಂದ ಸೋಲಿಸಿತು. ಎರಡು ಗೋಲೂ ಸಂಗೀತಾ ಬಾಸ್‌ಫೋರ್ ಅವರವು. ಅರ್ಹತಾ ಪಂದ್ಯಗಳನ್ನು ಗೆದ್ದು ನಾವು ಏಷ್ಯಾ ಕಪ್ಪಿಗೆ ಹೋದದ್ದು ಅದೇ ಮೊದಲು. ಒಮ್ಮೆ 13 ಗೋಲು ತಿಂದವರು ಅವರು, ಆಗತಾನೆ 13 ಹೊಡೆದು ಬಂದವರು ನಾವು. ಆದರೂ ಗೆಲುವು ಒಂದೇ ಗೋಲಿನದು. ಪಟ್ಟಿಯಲ್ಲಿ ಮೇಲಿನ ಹೆಸರೂ ಕೆಳಗಿನ ಹೆಸರೂ ಎಂದೆಂದಿಗೂ ಅಲ್ಲಲ್ಲೇ ಕುಳಿತಿರುವುದಿಲ್ಲ.

ಇನ್ನೊಮ್ಮೆ ವಿಶ್ವಕಪ್ ಬಂದು, ಪತ್ರಿಕೆಯಲ್ಲಿ ಗುಂಪುಗಳ ಅಂಕಪಟ್ಟಿ ಅಚ್ಚಾದಾಗ, ದಯವಿಟ್ಟು ಕಡೆಯ ಸಾಲನ್ನೂ ಓದಿ. ಅಂಕದ ಮನೆಯಲ್ಲಿ ಸೊನ್ನೆಯಿರಬಹುದು. ಆಡಿದ ಪಂದ್ಯಗಳ ಮನೆಯಲ್ಲಿ ಮಾತ್ರ, ಮೇಲಿನವರಿಗೆ ಇರುವಂತೆಯೇ, ಮೂರು ಎಂದಿರುತ್ತದೆ.