ಕಡತ

ಜಯನಗರದ ನಾಲ್ಕನೆಯ ಬ್ಲಾಕಿನ ವಾಣಿಜ್ಯ ಸಂಕೀರ್ಣಕ್ಕೆ ಅನತಿದೂರದಲ್ಲಿ, ಜೆರಾಕ್ಸ್ ಯಂತ್ರದ ಬಿಸಿಯೂ ಪಕ್ಕದ ಹೂವಾಡಗಿತ್ತಿಯ ಮಲ್ಲಿಗೆಯ ಕಂಪೂ ಒಂದಾಗಿ ಬೆರೆತು ಬರುವ ಒಂದು ಬೆರಳಚ್ಚಿನ ಅಂಗಡಿಗೆ, ಕೈಬರಹದ ಹಾಳೆಗಳನ್ನು ಹಿಡಿದು ನಾನು ಹೋಗಲಾರಂಭಿಸಿ ಬಹುಕಾಲವಾಯಿತು. ಬನಶಂಕರಿ ಎರಡನೆಯ ಹಂತದಿಂದ ದಿನವೂ ಬರುವ ಅಲ್ಲಿನ ತರುಣನು ಅಚ್ಚಕನ್ನಡಿಗನೇ ಆದರೂ, ‘ಸಾರ್, ಫೈಲ್ ಸೇವ್ ಮಾಡ್ಲಾ?’ ಎಂಬ ಅವನ ನಿತ್ಯದ ಪ್ರಶ್ನೆಯಲ್ಲಿ ಕ್ರಿಯಾಪದವೊಂದೇ ನಮ್ಮದು. ಆದರೆ ಅವನ ಗಣಕದಲ್ಲಿರುವುದು ಸ್ವತಂತ್ರ ತಂತ್ರಾಂಶದ ಕನ್ನಡ ಆವೃತ್ತಿ. ಅದರ ಪರದೆಯ ಎಡ ಮೇಲ್ತುದಿಯಲ್ಲಿ ಮೊಟ್ಟಮೊದಲಿಗೆ ಕಾಣುವ ಪದ ‘ಕಡತ’. ಆ ಮೂರಕ್ಷರಗಳನ್ನು ಕಂಡಾಗಲೆಲ್ಲ ನನ್ನ ಮನಸ್ಸು ನಮ್ಮ ತಾತನವರ ಮರದ ಪೆಟ್ಟಿಗೆಯ ಬಳಿಗೆ ಹೋಗಿ ನಿಲ್ಲುತ್ತದೆ.

ಆ ಪೆಟ್ಟಿಗೆಯಲ್ಲಿ ಒಂದು ಕಡತವಿತ್ತು, ಕಾಗದದ್ದಲ್ಲ, ಬಟ್ಟೆಯದು. ಒರಟು ಅರಿವೆಗೆ ಹುಣಿಸೆಬೀಜದ ಸರಿಯನ್ನು ಬಳಿದು, ಇದ್ದಿಲ ಪುಡಿಯಿಂದ ಕಪ್ಪೇರಿಸಿ, ಚೆನ್ನಾಗಿ ಒಣಗಿದ ಮೇಲೆ ಒಂದರ ಮೇಲೊಂದು ಬೀಳುವಂತೆ ಮಡಿಕೆ ಮಡಿಕೆಯಾಗಿ ಮಡಿಸಿದ ಆ ಲೆಕ್ಕದ ಪುಸ್ತಕದ ಮೇಲೆ ಬಳಪದ ಕಡ್ಡಿಯಿಂದ ಬರೆದರೆ, ಅಮಾವಾಸ್ಯೆಯ ಬಾನಿನಲ್ಲಿ ಚುಕ್ಕಿ ಮೂಡಿದಂತೆ ಬಿಳಿಯ ಅಕ್ಷರ ಮೂಡುತ್ತಿತ್ತು. ಕನ್ನಡನಾಡಿನ ವರ್ತಕರು ತಲೆತಲಾಂತರದಿಂದ ಕೊಟ್ಟದ್ದನ್ನೂ ಕೊಂಡದ್ದನ್ನೂ ಬರೆದಿಟ್ಟುದು ಇದರಲ್ಲಿಯೇ. ಶೃಂಗೇರಿಯ ಮಠದಲ್ಲಿ ಉಳಿದುಬಂದಿರುವ ಕಡತಗಳು ಚರಿತ್ರಕಾರರಿಗೆ ಇಂದಿಗೂ ಆಕರಗಳು. ಭಾರತದ ಪ್ರಾಚೀನ ಲಿಪಿಗಳನ್ನು ಕುರಿತು 1896ರಲ್ಲಿ ಗ್ರಂಥ ಪ್ರಕಟಿಸಿದ ಬ್ಯೂಲರ್ ಮಹಾಶಯರು ಕನ್ನಡ ವರ್ತಕರ ಈ ಬಟ್ಟೆಯ ವಹಿಯನ್ನು ಅದರ ಹೆಸರಿನಿಂದಲೇ ಕರೆದಿದ್ದಾರೆ. ಕಡಿತವೆಂಬ ರೂಪವೂ ಇದಕ್ಕುಂಟು. ತೆಲುಗಿನ ಕಡಿತಮು ಇದೇ ಬಟ್ಟೆಯ ಪುಸ್ತಕ. ನಮ್ಮ ಬೀದಿಯ ತಮಿಳು ತಾಯಿ, ಊರಿನಿಂದ ‘ಕಡಿದಂ’ ಬಂದಿತೆಂದು ಸಂಭ್ರಮಿಸುವಾಗ ಆಕೆ ಹೇಳುತ್ತಿರುವುದು ಓಲೆಯನ್ನಾದರೂ ಪದ ಇದರ ಒಡಹುಟ್ಟೇ.

ಇನ್ನು ಫೈಲೆಂಬುದರ ಮೂಲವನ್ನು ಅರಸಿದರೆ ಅಲ್ಲಿಯೂ ಸಿಕ್ಕುವುದು ನೂಲು. ಲ್ಯಾಟಿನ್ ಭಾಷೆಯಲ್ಲಿ ‘ಫೀಲುಂ’ ಎಂದರೆ ದಾರ. ಪತ್ರಗಳನ್ನು ದಾರಕ್ಕೋ ತಂತಿಗೋ ಪೋಣಿಸಿಡುವ ಪದ್ಧತಿಯಿಂದ ಹುಟ್ಟಿದ್ದು ಆ ಪದ. ಜೆ. ಪಿ. ನಗರದ ನನ್ನ ಪರಿಚಯದ ದಿನಸಿ ಅಂಗಡಿಯೊಂದರಲ್ಲಿ ಕೊಕ್ಕೆಯ ತಂತಿಗೆ ಚುಚ್ಚಿ ತೂಗಬಿಟ್ಟ ಚೀಟಿಗಳ ಗೊಂಚಲನ್ನು ನೋಡಿದವರಿಗೆ ಈ ನಿಷ್ಪತ್ತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರದು ಪೋಣಿಸಿದ ನೂಲು, ನಮ್ಮದು ನೆಯ್ದ ನೂಲು.

1963ರ ರಾಜಭಾಷಾ ಅಧಿನಿಯಮದ ತರುವಾಯ ಆಡಳಿತದ ಕನ್ನಡವು ಬೆಳೆದಂತೆ, ಕೆಂಪು ಪಟ್ಟಿಯಿಂದ ಬಿಗಿದ ಕಾಗದದ ಕಟ್ಟಿಗೆ ಕಡತವೆಂಬ ಹೆಸರು ನೆಲೆಗೊಂಡಿತು. ಕಡತವನ್ನು ಮಂಡಿಸುವುದು, ಕಡತದ ವಿಲೇವಾರಿ ಎಂಬ ನುಡಿಗಟ್ಟುಗಳು ಹುಟ್ಟಿದುವು. ನನಗೆ ಆ ಅರ್ಥವು ಎಂದೂ ಪೂರ್ಣವಾಗಿ ಒಪ್ಪಿಗೆಯಾದುದಿಲ್ಲ. ಏಕೆಂದರೆ ಕಾಗದದ ಕಟ್ಟು ಬೆಳೆಯಬಲ್ಲುದೇ ಹೊರತು ಅಳಿಸಿ ಮತ್ತೆ ಬರೆಸಿಕೊಳ್ಳಲಾರದು. ಬಟ್ಟೆಯ ಕಡತವಾದರೋ ಒರಸಿದರೆ ಬರಿದಾಗುವುದು, ಸರಿ ಬಳಿದರೆ ಹೊಸದಾಗುವುದು, ಮಡಿಸಿದರೆ ಅಂಗೈಯಗಲಕ್ಕೆ ಅಡಗುವುದು. ಕರಿಯ ಪರದೆಯ ಮೇಲೆ ಬೆಳ್ಳನೆಯ ಅಕ್ಷರ ತೋರುತ್ತಿದ್ದ ಮೊದಲಿನ ಗಣಕಗಳನ್ನು ನೆನೆದರೆ, ಈ ಪದವು ಕಚೇರಿಯಲ್ಲಿ ಕೆಲಕಾಲ ಬಿಡಾರಮಾಡಿದ್ದು ಈಗ ತನ್ನ ಮನೆಗೆ ಮರಳಿದೆಯೆಂದೇ ನನಗನ್ನಿಸುತ್ತದೆ.

ವ್ಯಾಕರಣದ ದೃಷ್ಟಿಯಿಂದಲೂ ಇದು ಸರಳಸ್ವಭಾವದ ಶಬ್ದ. ಅಕಾರಾಂತ ನಪುಂಸಕಲಿಂಗವಾದುದರಿಂದ ಮರ, ನೆಲಗಳ ಹಾಗೆ ಕಡತವನ್ನು, ಕಡತಕ್ಕೆ, ಕಡತದಿಂದ, ಕಡತದಲ್ಲಿ ಎಂದು ವಿಭಕ್ತಿಗಳನ್ನು ಒಲಿದು ಧರಿಸುತ್ತದೆ. ಫೈಲ್ ಎಂಬ ವ್ಯಂಜನಾಂತಕ್ಕೆ ಮಾತ್ರ ನಾವು ಉಕಾರದ ಊರುಗೋಲನ್ನು ಕೊಟ್ಟು ಫೈಲು, ಫೈಲುಗಳು ಎಂದು ನಡೆಯಿಸಬೇಕು. ತಂತ್ರಾಂಶದ ಅನುವಾದಕರು ಕಡತಗಳನ್ನಿರಿಸುವ ಎಡೆಗೆ ‘ಕಡತಕೋಶ’ವೆಂದು ಹೆಸರಿಟ್ಟಿದ್ದಾರೆ. ದೇಶ್ಯಕ್ಕೆ ಸಂಸ್ಕೃತವನ್ನು ಬೆಸೆದ ಇಂಥ ಸಮಾಸವನ್ನು ಹದಿಮೂರನೆಯ ಶತಮಾನದ ಕೇಶಿರಾಜನು ಅರಿಸಮಾಸವೆಂದು ದೂರವಿಡುತ್ತಿದ್ದನೆಂಬುದು ನಿಜ. ಆದರೆ ರೂಢಿಯಲ್ಲಿ ಬೇರೂರಿದ ಪ್ರಯೋಗಗಳಿಗೆ ಆ ವೈಯಾಕರಣನೇ ಎಡೆಗೊಟ್ಟಿರುವುದರಿಂದ, ನಾನಾದರೂ ಈ ಕೋಶವನ್ನು ಒಡೆಯಲಾರೆ.

ಕ್ರಿಯಾಪದಗಳ ಸೊಗಸು ಇನ್ನೂ ಹೆಚ್ಚಿನದು. ಟೈಪಿಸು, ಕ್ಲಿಕ್ಕಿಸು ಎಂದು ಅನ್ಯದೇಶ್ಯಕ್ಕೆ ‘ಇಸು’ ಹತ್ತಿಸಿ ಒಗ್ಗಿಸಿಕೊಳ್ಳುವ ನಮ್ಮ ಭಾಷೆಯು ಸೇವ್ ಎಂಬುದರ ಮುಂದೆ ತಡೆದು ನಿಂತಿತು. ಸೇವಿಸುವುದಕ್ಕೆ ಮೊದಲೇ ಬೇರೆ ಅರ್ಥವಿತ್ತಷ್ಟೆ. ಆಗ ಒದಗಿಬಂದುದು ‘ಉಳಿಸು’. ಅದರ ಎದುರಿಗೆ ‘ಅಳಿಸು’. ಒಂದು ಉಳಿ ಧಾತುವಿನ ಪ್ರೇರಣಾರ್ಥಕ, ಇನ್ನೊಂದು ಅಳಿ ಧಾತುವಿನದು. ಅಳಿವು ಉಳಿವುಗಳೆಂದು ನಮ್ಮ ಹಿರಿಯರು ಜೀವಿತವನ್ನೇ ಕುರಿತು ಆಡುತ್ತಿದ್ದ ಜೋಡಿಮಾತು, ಆದ್ಯಕ್ಷರವೊಂದೇ ಬೇರೆಯಾದ ಎರಡು ಆಜ್ಞೆಗಳಾಗಿ ಪರದೆಯ ಮೇಲೆ ಬಂದು ಕುಳಿತಿದೆ.

ಕಳೆದ ಶ್ರಾವಣದಲ್ಲಿ ನನ್ನ ಹದಿನಾರು ಪುಟದ ಬರಹವೊಂದು ಆ ತರುಣನ ಕೈತಪ್ಪಿನಿಂದ ಅಳಿಸಿಹೋಯಿತು. ಅಳುಮೋರೆ ಮಾಡಿಕೊಂಡು ನಿಂತಿದ್ದವನಿಗೆ ನಾನು ಸಮಾಧಾನ ಹೇಳುತ್ತಿರುವಷ್ಟರಲ್ಲಿ, ಅವನು ತನ್ನನ್ನು ತಾನೇ ಸಂತೈಸಿಕೊಳ್ಳುವವನಂತೆ ಹೇಳಿದನು: ‘ಅಳಿಸಿದ್ರೂ ತಕ್ಷಣ ಹೋಗಲ್ಲ ಸಾರ್, ಬರೀ ಹೆಸರು ಹೋಗಿರುತ್ತೆ. ಆ ಜಾಗದ ಮೇಲೆ ಇನ್ನೊಂದು ಬರೆಯೋವರೆಗೂ ಒಳಗೆ ಇದ್ದೇ ಇರುತ್ತೆ.’ ಮುಂದೆ ಒಂದು ಗಂಟೆಯ ಕಾಲ ಅವನು ಬೇರೇನನ್ನೂ ಆ ಯಂತ್ರದಲ್ಲಿ ಬರೆಯದೆ ಹುಡುಕಿದನು. ಹನ್ನೊಂದು ಪುಟ ಸಿಕ್ಕಿತು.

ಸಾಯಂಕಾಲ ಮನೆಗೆ ಬಂದವನು ಪೆಟ್ಟಿಗೆಯಿಂದ ತಾತನವರ ಕಡತವನ್ನು ತೆಗೆದು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿದೆನು. ಯಾವ ಕಾಲದಲ್ಲಿಯೋ ಒರಸಿ ಕಪ್ಪು ಬಳಿದಿದ್ದ ಮೂರನೆಯ ಮಡಿಕೆಯಲ್ಲಿ, ಬಳಪದ ಮೊನೆಯೊತ್ತಿದ ಗೀರುಗಳು ಬಣ್ಣವಿಲ್ಲದೆ ಉಳಿದಿದ್ದುವು. ಕಣ್ಣನ್ನು ಹತ್ತಿರ ತಂದು ಕೂಡಿಸಿ ಓದಿದೆನು: ಅಡಕೆ, ಎರಡು ಮಣ, ಬಾಕಿ.